ಸಂಪಿನೊಳಗಿನ ಗೆಂಡೆ ಮೀನು

ಯಾನಾಳನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ದೇಶಕ್ಕೆ ವಾಪಸ್ ಯಾವಾಗ?" ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಹುಡುಗಿ ಹಾಸನಕ್ಕೆ ಬಂದದ್ದು ನಾಲ್ಕನೇ ವಯಸ್ಸಿನಲ್ಲಿ. ಅವಳಪ್ಪ ಮಿಲಾನ್ ಸ್ಲೊವಾಕಿಯಾದ ಮೆಕ್ಯಾನಿಕ್. ಇಲ್ಲಿನ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಹೆಂಡತಿ ವೀರಾ ಮತ್ತು ಮಗಳ ಸಮೇತ ಬಂದವನು ಕೆಲಸ ಮುಗಿದ ಮೇಲೂ ಹೋಗಲಿಲ್ಲ. ಊರಾಚೆ ರಿಪೇರಿಯ ವರ್ಕ್‌ಶಾಪ್ ಹಾಕಿಕೊಂಡು ಇಲ್ಲೇ ಉಳಿದ.

ನಾನು ಅವರ ಎದುರು ಮನೆಯವಳು, ಮೂವತ್ತು ವರ್ಷ ಕನ್ನಡ ಟೀಚರ್ ಆಗಿದ್ದವಳು. ಆದರೆ ಯಾನಾಗೆ ಕನ್ನಡ ಕಲಿಸಿದ್ದು ಹಾಲು ಹಾಕುವ ಲಕ್ಕಮ್ಮ. "ಏನ್ ಲಕ್ಕಮ್ಮ, ಇಷ್ಟೊತ್ತಿಗೆ ಬತ್ತಾ ಇದ್ದೀಯಾ?" ಎಂದು ಆ ಚಿನ್ನದ ಕೂದಲಿನ ಮಗು ಗದರಿಸಿದರೆ ಬೀದಿಯೆಲ್ಲ ನಗುತ್ತಿತ್ತು. ನಕ್ಕವರೇ ಆಚೆ ತಿರುಗಿ, ಆ ಜನ ವಾರಕ್ಕೊಮ್ಮೆ ಸ್ನಾನ ಮಾಡೋರು ಎಂದು ಪಿಸುಗುಟ್ಟುತ್ತಿದ್ದರು.

ನಾಲ್ಕು ತಿಂಗಳು ಅಲೆದರೂ ಅವರಿಗೆ ಯಾರೂ ಬಾಡಿಗೆಗೆ ಮನೆ ಕೊಟ್ಟಿರಲಿಲ್ಲ. ಕೊನೆಗೆ ಕೊಟ್ಟವರು ತಿರುನಾರಾಯಣ ಅಯ್ಯಂಗಾರ್ರು, ತಮ್ಮ ಮನೆಯ ಹಿಂಭಾಗವನ್ನು. ಮನೆಯೊಳಗೆ ಮೊಟ್ಟೆಯ ಸಿಪ್ಪೆಯೂ ಕಾಣಬಾರದು ಎಂಬುದು ಷರತ್ತು. ಮಿಲಾನ್ ಒಪ್ಪಿದ. ಮಾಂಸವೇನಿದ್ದರೂ ವರ್ಕ್‌ಶಾಪಿನಲ್ಲೇ ಬೇಯುತ್ತಿತ್ತು.

ಅಯ್ಯಂಗಾರ್ರ ಕನ್ನಡ ಮಿಲಾನನಿಗೆ ತಿಳಿಯದು, ಅವನ ಮಾತು ಇವರಿಗೆ ತಿಳಿಯದು. ನಡುವೆ ಯಾನಾ. "ನಿಮ್ಮಪ್ಪನಿಗೆ ಬುದ್ಧಿ ಇದೆಯಾ ಕೇಳು" ಎಂದು ಇವರು ಕೂಗಿದರೆ, ಗೇಟು ಮೆಲ್ಲಗೆ ಹಾಕಬೇಕಂತೆ ಎಂದು ಅಪ್ಪನಿಗೆ ಹೇಳುತ್ತಿದ್ದಳು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಅಪ್ಪ ಗೊಣಗಿದರೆ, "ತಪ್ಪಾಯ್ತಂತೆ ತಾತ" ಎನ್ನುತ್ತಿದ್ದಳು. ಹತ್ತು ವರ್ಷ ಆ ಮನೆ ಉಳಿದದ್ದು ಈ ಹುಡುಗಿಯ ಸುಳ್ಳುಗಳಿಂದ. ಅಯ್ಯಂಗಾರ್ರು ಮಾತ್ರ ಅವಳ ಕೈಗೆ ಪುಳಿಯೋಗರೆ ಇಟ್ಟು "ನಮ್ಮನೆ ಮಗು" ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು.

ಮಿಲಾನ್ ಒಂದು ವಿಷಯದಲ್ಲಿ ಮಾತ್ರ ಷರತ್ತು ಮುರಿಯುತ್ತಿದ್ದ. ಅವನ ಊರಿನಲ್ಲಿ ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಜೀವಂತ ಗೆಂಡೆ ಮೀನು ತಂದು ಬಚ್ಚಲ ತೊಟ್ಟಿಯಲ್ಲಿ ಈಜಲು ಬಿಟ್ಟು, ಹಬ್ಬದ ಹಿಂದಿನ ಸಂಜೆ ಅದನ್ನೇ ಕರಿದು ತಿನ್ನುತ್ತಾರೆ. ಮೀನು ಮನೆಯಲ್ಲಿ ಇರದಿದ್ದರೆ ಹಬ್ಬವೇ ಅಲ್ಲ ಎಂಬ ಹಟ ಅವನದು. ವರ್ಷವರ್ಷವೂ ಗೊರೂರಿನ ಕಡೆಯಿಂದ ಬಕೆಟ್ಟಿನಲ್ಲಿ ಬಟ್ಟೆ ಮುಚ್ಚಿ ತಂದು ಬಚ್ಚಲ ಡ್ರಮ್ಮಿನಲ್ಲಿ ಬಚ್ಚಿಡುತ್ತಿದ್ದ.

ಯಾನಾ ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ಅಪ್ಪ ಅಮ್ಮ ಇಬ್ಬರೂ ವರ್ಕ್‌ಶಾಪಿಗೆ ಹೋಗಿದ್ದಾಗ ಆ ಡ್ರಮ್ಮು ಬಿರುಕುಬಿಟ್ಟಿತು. ನೆಲದ ಮೇಲೆ ಮೂರು ಕೆ.ಜಿ. ಮೀನು ಬಾಯಿ ಬಿಡುತ್ತಾ ಒದ್ದಾಡುತ್ತಿತ್ತು. ಹುಡುಗಿಗೆ ದಿಕ್ಕು ತೋಚದೆ ಅಂಗಳದ ಸಂಪಿನ ಮುಚ್ಚಳ ತೆಗೆದು ಅದರೊಳಗೆ ಬಿಟ್ಟಳು. ಎರಡೂ ಮನೆಗೆ ನೀರು ಬರುವುದು ಅದೇ ಸಂಪಿನಿಂದ. ಸಂಜೆ ಅಪ್ಪ ಮಗಳು ಬುಟ್ಟಿ ಇಳಿಸಿ ಎಷ್ಟು ಹುಡುಕಿದರೂ ಮೀನು ಸಿಗಲಿಲ್ಲ. ಬೆಳಿಗ್ಗೆ ಅಯ್ಯಂಗಾರ್ರು ನೀರೆಷ್ಟಿದೆ ಎಂದು ಬಗ್ಗಿ ನೋಡಿದಾಗ ತಾನಾಗಿಯೇ ಮೇಲೆ ಬಂತು.

ಬೀದಿಯೆಲ್ಲ ಕೂಡಿತು.

"ಇದೇ ನೀರಲ್ಲಿ ದೇವರಿಗೆ ಅಭಿಷೇಕ ಮಾಡಿದೆನಲ್ಲೇ! ಮ್ಲೇಚ್ಛ ಬುದ್ಧಿ ಎಲ್ಲಿ ಹೋಗುತ್ತೆ! ಎರಡು ದಿನದಲ್ಲಿ ಮನೆ ಖಾಲಿ ಮಾಡು ಅಂತ ನಿಮ್ಮಪ್ಪನಿಗೆ ಹೇಳು." ಅಯ್ಯಂಗಾರ್ರು ಯಾನಾಳತ್ತ ತಿರುಗಿ ಕೂಗಿದರು. ಆಮೇಲೆ ದನಿ ತಗ್ಗಿಸಿದರು. "ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗು. ಪರೀಕ್ಷೆ ಮುಗಿಯೋವರೆಗೂ ನೀನು ನಮ್ಮ ಜೊತೆಯಲ್ಲೇ ಇರು."

ಸುಮ್ಮನಿದ್ದಿದ್ದರೆ ಅವಳಿಗೆ ಒಂದು ಸೂರು ಉಳಿಯುತ್ತಿತ್ತು.

"ಅಪ್ಪ ಅಲ್ಲ ತಾತ, ನಾನೇ ಬುಟ್ಟಿದ್ದು" ಎಂದಳು. "ಸಾಯ್ತಾ ಇತ್ತು, ಅದುಕ್ಕೇ ಬುಟ್ಬುಟ್ಟೆ."

ಅವರು ಅವಳನ್ನೇ ದಿಟ್ಟಿಸಿ ನೋಡಿದರು. "ಇನ್ಮೇಲೆ ನನ್ನನ್ನ ತಾತ ಅನ್ನಬೇಡ. ನೀನೂ ನಡಿ."

ಏನಂದರು ಎಂದು ಮಿಲಾನ್ ಮಗಳ ಭುಜ ಅಲ್ಲಾಡಿಸಿ ಕೇಳಿದ. ಅವಳು ತಮ್ಮ ಭಾಷೆಯಲ್ಲಿ ಏನೋ ಚುಟುಕಾಗಿ ಹೇಳಿದಳು. ಏನು ಹೇಳಿದಳೆಂದು ನನಗೆ ಗೊತ್ತಾದದ್ದು ಹೋದ ತಿಂಗಳು, ಹಿರೀಸಾವೆಯ ಹೋಟೆಲಿನಲ್ಲಿ ಸಿಕ್ಕಾಗ. ಅವಳೀಗ ಚನ್ನರಾಯಪಟ್ಟಣದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. "ಮನೆ ಬುಡ್ಬೇಕಂತೆ, ನನ್ ಪರೀಕ್ಷೆ ಐತಲ್ಲ ಅಂತ ತಾತಂಗೆ ಬೇಜಾರಂತೆ, ಅಂದೆ ಮಿಸ್" ಎಂದಳು. ಆಮೇಲೆ ಮೂರು ತಿಂಗಳು ವರ್ಕ್‌ಶಾಪಿನ ಯಂತ್ರಗಳ ನಡುವೆ ಚಾಪೆ ಹಾಸಿಕೊಂಡು ಓದಿದಳಂತೆ. ಬಾಡಿಗೆಗೆ ಮನೆ ಎಲ್ಲೂ ಸಿಗಲಿಲ್ಲವಂತೆ.

ಸಿಗಲಿಲ್ಲ ಎಂಬುದು ಸುಳ್ಳು. ನಮ್ಮ ಮಹಡಿ ಆಗ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅವತ್ತು ವೀರಾ ಗುಂಪಿನ ನಡುವಿನಿಂದ ನೇರವಾಗಿ ನನ್ನ ಮುಖ ನೋಡಿದಳು. ಒಲೆಯ ಮೇಲೆ ಸಾರು ಉಕ್ಕುತ್ತದೆ ಎಂದು ಹೇಳಿ ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.