ಆಶೀರ್ವಾದವೆಂದು ನಾನು ಓದಿದ ತಂತಿ

ಸುಳ್ಳು ಹೇಳಿ ನೀವು ಯಾವತ್ತಾದರೂ ಫೇಡೆ ತಿಂದಿದ್ದೀರಾ? ನಾನು ತಿಂದಿದ್ದೇನೆ. ಎರಡು ತಿಂಗಳ ಹಿಂದೆ, ರಾಣೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು.

ಪಕ್ಕದ ಓಣಿಯ ಗಿರಿಜವ್ವ ತಂತಿಯೊಂದನ್ನು ಹಿಡಿದು ಬಂದಿದ್ದಳು. ಗಂಡ ಮಹಾದೇವಪ್ಪ ವೆಲ್ಡರ್. ಹಲಗೇರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಿದ್ದವನು, ಯಾವುದೋ ಅಣೆಕಟ್ಟಿನ ಕೆಲಸಕ್ಕೆಂದು ಅಲ್ಜೀರಿಯಾಕ್ಕೆ ಹೋಗಿದ್ದ.

"ಇಂಗ್ಲಿಷ್‌ನ್ಯಾಗ ತಾರು ಬಂದೈತ್ರಿ ಸರ್. ಏನಂತ ನೋಡ್ರಿ."

ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. (ಓಣಿಯ ಅರ್ಜಿ, ಔಷಧದ ಚೀಟಿ ಎಲ್ಲ ಓದಿಸಲು ಜನ ನನ್ನ ಹತ್ತಿರವೇ ಬರುತ್ತಾರೆ.) ಮಹಾದೇವಪ್ಪನ ಹೆಸರಿನ ಮುಂದೆ ಮೂರೇ ಪದ: BLESSE LETTRE SUIT. ಬ್ಲೆಸ್ ಅಂದರೆ ಆಶೀರ್ವಾದ. ಲೆಟರ್. ಸೂಟ್. ಸ್ಪೆಲಿಂಗ್ ಕೆಟ್ಟಿದೆ, ತಂತಿಯಲ್ಲಿ ಇದು ಇದ್ದದ್ದೇ ಅಂದುಕೊಂಡೆ. ಒಂದು ಕ್ಷಣ ಅನುಮಾನವೂ ಬಂತು. ಆದರೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ದೇವರ ಆಶೀರ್ವಾದದಿಂದ ಅರಾಮ ಅದಾನಂತ ನೋಡವಾ. ಪತ್ರ, ಹೊಸಾ ಸೂಟು ಕಳಿಸ್ಯಾನ," ಎಂದೆ.

ಸಂಜೆ ಫೇಡೆ ಬಂತು.

ಮೂರು ವಾರಕ್ಕೆ ಪತ್ರವೂ ಬಂತು. ಜೊತೆಗಾರನೊಬ್ಬ ಹಿಂದಿಯಲ್ಲಿ ಬರೆದದ್ದು. ಗ್ಯಾಸ್ ಸಿಲಿಂಡರ್ ಸಿಡಿದು ಮಹಾದೇವಪ್ಪನ ಮೈ ಸುಟ್ಟಿತ್ತು. ಅಂದೇ ಕ್ಯಾಂಪಿನ ಗುಮಾಸ್ತನಿಂದ ತಂತಿ ಕೊಡಿಸಿದ್ದರು. ಆ ಗುಮಾಸ್ತನಿಗೆ ಬರುತ್ತಿದ್ದದ್ದು ಫ್ರೆಂಚ್ ಮಾತ್ರ. 'ಗಾಯವಾಗಿದೆ, ಪತ್ರ ಹಿಂದೆಯೇ ಬರುತ್ತದೆ' ಎಂದು ಅದರರ್ಥ. ಆಮೇಲೆ ಮಹಾದೇವಪ್ಪ ಹನ್ನೊಂದು ದಿನ ಬದುಕಿದ್ದ. ಮನೆಯಿಂದ ಏನಾದರೂ ಬಂತೇ ಎಂದು ದಿನವೂ ಕೇಳುತ್ತಿದ್ದನಂತೆ.

ಓದಿ ಹೇಳಿದೆ. ಗಿರಿಜವ್ವ ಅಳಲಿಲ್ಲ.

"ಹನ್ನೊಂದ ದಿನಾ ಇದ್ರಲ್ರೀ ಸರ್. ಗೊತ್ತಾಗಿದ್ರ ನಾ ಒಂದು ತಾರರೆ ಕೊಡಸ್ತಿದ್ದೆ."

ಮರುದಿನ ಕಾಲೇಜಿನ ಲೈಬ್ರರಿಗೆ ಹೋಗಿ ಇಂಗ್ಲಿಷ್, ಫ್ರೆಂಚ್ ಎರಡರ ದಪ್ಪ ಡಿಕ್ಷನರಿಗಳನ್ನೂ ತೆಗೆಸಿದೆ. ಇಂಗ್ಲಿಷಿನ ಬ್ಲೆಸ್ ಹುಟ್ಟಿದ್ದು 'ರಕ್ತ' ಎಂಬ ಪದದಿಂದ. ಬಲಿಯ ರಕ್ತ ಚಿಮುಕಿಸಿ ಪವಿತ್ರ ಮಾಡುತ್ತಿದ್ದರಂತೆ. ಫ್ರೆಂಚಿನದು ಬೇರೆಯೇ ಬೇರು: ಜಜ್ಜುವುದು, ಗಾಯ ಮಾಡುವುದು. ಕೊನೆಯ ಅಕ್ಷರದ ತಲೆಯ ಮೇಲೆ ಅವರು ಒಂದು ಗೀರು ಹಾಕುತ್ತಾರೆ. ತಂತಿಯಲ್ಲಿ ಅದು ಬಿದ್ದುಹೋಗಿತ್ತು. ಇದ್ದಿದ್ದರೂ ನನಗೇನು ತಿಳಿಯುತ್ತಿತ್ತು?

ಮೊನ್ನೆ ಕಂಪನಿಯಿಂದ ಮತ್ತೊಂದು ಫ್ರೆಂಚ್ ಕಾಗದ ಬಂದಿದೆ. ಗಿರಿಜವ್ವ ಅದನ್ನು ನನ್ನ ಹತ್ತಿರ ತರಲಿಲ್ಲ. ಬಲ್ಲವರನ್ನು ಹುಡುಕಿಕೊಂಡು ಹಾವೇರಿಯ ಬಸ್ ಹತ್ತಿದಳು.

'ನನಗೆ ಗೊತ್ತಿಲ್ಲ' ಎನ್ನಲು ನನಗೆ ಯಾವ ಭಾಷೆ ಬರಬೇಕಿತ್ತು?