ಕರಿಯಪ್ಪ ಮಾವನ ಕೋಲು, ನನ್ನ ಬ್ರೌನ್ ಬೆಲ್ಟ್

ನನ್ನ ಬ್ರೌನ್ ಬೆಲ್ಟ್ ಪರೀಕ್ಷೆಯ ಫಲಿತಾಂಶವನ್ನು ತಡೆಹಿಡಿದಿದ್ದಾರೆ. ಕಾರಣದ ಜಾಗದಲ್ಲಿ "ಎರಡು ಕುರಿ" ಎಂದು ಬರೆದಿದೆ.

ಇದನ್ನು ತಿಳಿಸಿದ್ದು ನಮ್ಮ ಕರಾಟೆ ಮಾಸ್ಟರ್, ಇವತ್ತು ಬೆಳಿಗ್ಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ. ಜೊತೆಗೆ ಫಲಿತಾಂಶದ ಹಾಳೆಯ ಫೋಟೋ.

ನಾನು ಅಗಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ವಯಸ್ಸು ನಲವತ್ತೊಂದು. ಈ ಬೆಲ್ಟ್ ಬಂದರೆ ಊರಿನ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುವ ಕ್ಲಾಸ್ ನನ್ನದು. ಬರದಿದ್ದರೆ ಕ್ಲಾಸೇ ಇಲ್ಲ, ಬೇರೆ ಟೀಚರ್ ಸಿಕ್ಕಿಲ್ಲ. ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟು ಕಾಯುತ್ತಿದ್ದಾರೆ.

ಪರೀಕ್ಷೆಯಲ್ಲಿ ಒಂದೇ ಕಟಾ ಎರಡು ಸಲ. ಕಟಾ ಅಂದರೆ ಸುತ್ತ ಎದುರಾಳಿಗಳಿದ್ದಾರೆ ಎಂದುಕೊಂಡು ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿ. ಮೊದಲು ಬರಿಗೈಯಲ್ಲಿ, ಆಮೇಲೆ ಅದೇ ಹೆಜ್ಜೆಗಳು ಕೋಲು ಹಿಡಿದು. ಮಧ್ಯೆ ನಿಂತರೆ ಫೇಲ್.

ಕೇಳಲು ಸುಲಭ. ಬರಿಗೈಯಾದರೆ ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಂಡರೆ ಆಯಿತು. ಕೋಲಿದ್ದರೆ ಅದರ ತುದಿ ಎಡಪಕ್ಕೆಗೆ ಚುಚ್ಚುತ್ತದೆ. ಎರಡು ತಿಂಗಳು ಮಾಳಿಗೆ ಮೇಲೆ ಮಾಪ್ ಕೋಲು ಹಿಡಿದು ಪ್ರಾಕ್ಟೀಸ್ ಮಾಡಿದ್ದೆ.

ಪರೀಕ್ಷೆಯ ದಿನ ಶಾಲೆಯ ಮೈದಾನದಲ್ಲಿ ಬರಿಗೈ ಕಟಾ ಚೆನ್ನಾಗೇ ಆಯಿತು. ಅಂಚಿನಲ್ಲಿ ಮೇಯುತ್ತಿದ್ದ ಕರಿಯಪ್ಪ ಮಾವನ ಕುರಿಗಳು ತಲೆ ಕೂಡ ಎತ್ತಲಿಲ್ಲ.

ರಾಯದುರ್ಗದಿಂದ ಬಂದಿದ್ದ ಪರೀಕ್ಷಕರು ನನ್ನ ಮಾಪ್ ಕೋಲನ್ನು ತಿರುಗಿಸಿ ನೋಡಿದರು. "ಇದು ನೆಲ ಒರಸೋದ್ರಿ. ಆಯುಧ ತರ್ರಿ."

ಕರಿಯಪ್ಪ ಮಾವನ ಹತ್ತಿರ ಓಡಿ ಅವರು ಕುರಿ ಅಟ್ಟುವ ಕೋಲು ಕೇಳಿದೆ. "ತಗಳಮ್ಮ. ವಸಿ ನೋಡ್ಕಂಡ್ ಬೀಸು," ಅಂದರು. ಯಾಕೆ ಎಂದು ನಾನು ಕೇಳಲಿಲ್ಲ...

ಮೊದಲ ತಡೆ ಎಡಕ್ಕೆ. ಎರಡನ್ನು ಬಿಟ್ಟು ಎಲ್ಲ ಕುರಿಗಳೂ ಎಡಕ್ಕೆ ತಿರುಗಿದವು.

ಬಲಕ್ಕೆ ಬೀಸಿದೆ, ಬಲಕ್ಕೆ ಬಂದವು. ಕಟಾದ ನಡುವೆ ಒಮ್ಮೆ ಜೋರಾಗಿ ಕೂಗಬೇಕು, ಕೂಗಿದೆ. ಆ ಎರಡು ಬಿಟ್ಟು ಇಡೀ ಹಿಂಡು ನನ್ನ ಸುತ್ತ ಬಂದು ನಿಂತಿತು.

ಪರೀಕ್ಷಕರು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂತಿದ್ದಾರೆ. "ಎತ್ಲಾಗ್ ಹೊಡಿತಿದೀಯಮ್ಮ ಅವುನ್ನ? ಒಂದ್ ಕಡೆ ಹೇಳು!" ಎಂದು ಮಾವ ಕಿರುಚುತ್ತಿದ್ದಾರೆ. ನಾನು ಹತ್ತೊಂಬತ್ತನೇ ಹೆಜ್ಜೆಯಲ್ಲಿದ್ದೇನೆ. ನಿಂತರೆ ಫೇಲ್.

ಕೊನೆಯಲ್ಲಿ ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿಯಬೇಕು. ಹಿಡಿದೆ. ಕುರಿಗಳಿಗೆ ಅದು ಮನೆಗೆ ಹೊರಡುವ ಸನ್ನೆಯಂತೆ.

ಬೆಳಿಗ್ಗೆ ಒಂಬತ್ತೂವರೆಗೇ ಕುರಿಗಳು ಗೇಟು ದಾಟಿ ಮನೆಗೆ ಹೊರಟವು. ಆ ಎರಡು ಮಾತ್ರ ಅಲ್ಲೇ ಮೇಯುತ್ತಿದ್ದವು.

"ಅವೆರಡು ಯಾಕ ಕದಲಲಿಲ್ರಿ?" ಪರೀಕ್ಷಕರು ಕೇಳಿದ್ದು ನನ್ನನ್ನಲ್ಲ, ಮಾವನನ್ನು.

"ಎಡಗಡೆ ಬೀಸೋದ್ನ ಅರ್ಧಕ್ಕೇ ಬಿಟ್ಲು ಸಾ. ಪಕ್ಕೆಗ್ ತಗಲ್ತದೆ ಅಂತ ಭಯ ಅವಳ್ಗೆ."

"ಹೌದ್ರಿ," ಎಂದು ಪರೀಕ್ಷಕರು ಬರೆದುಕೊಂಡರು.

ಎರಡು ತಿಂಗಳು ಮಾಸ್ಟರ್‌ಗೂ ಕಾಣದಂತೆ ಮುಚ್ಚಿಟ್ಟ ತಪ್ಪು ಅದು.

ಮರುಪರೀಕ್ಷೆ ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಅದೇ ಮೈದಾನ, ಅದೇ ಕೋಲು. ಪರೀಕ್ಷಕರ ಪಟ್ಟಿಯಲ್ಲಿ ಎರಡನೇ ಹೆಸರು: ಕರಿಯಪ್ಪ, ಅಗಳಿ.