ಒಗಟಿನ ವಾರದಲ್ಲಿ ಫೈಲಕ್ಕ

ಕಾಲೇಜಿನ ಆಫೀಸಿನಿಂದ ಯಾವ ಕಾಗದ ಎಲ್ಲಿಗೆ ಹೊರಟರೂ ಅದು ಫೈಲಕ್ಕನ ಕಂಕುಳೇರಿಯೇ ಹೋಗಬೇಕು. ಹತ್ತೊಂಬತ್ತು ವರ್ಷದಿಂದ ಅವಳದು ಅದೇ ಕೆಲಸ. ಐದು ಕಟ್ಟಡ, ಎಪ್ಪತ್ತು ಚಿಲ್ಲರೆ ಕೋಣೆ, ಮೆಟ್ಟಿಲುಗಳನ್ನಂತೂ ಕೇಳುವುದೇ ಬೇಡ. ಸಹಿ ಹಾಕುವವರು ಜಾಗದಲ್ಲಿಲ್ಲದಿದ್ದರೆ ಎಲ್ಲಿ ಕೂತು ಹರಟುತ್ತಿದ್ದಾರೆಂದು ಹುಡುಕಿ ಹಿಡಿಯುವುದೂ ಅವಳ ಪಾಲಿಗೇ. ಅವಳ ಅತ್ತೆ ಬೀದಿಯವರ ಮುಂದೆ, 'ನಮ್ಮ ಸೊಸೆ ಕಾಲೇಜಿಗೆ ಹೋಗ್ತಾಳೆ' ಎಂದು ಬೀಗುವರು. ಓದಲಿಕ್ಕೋ ಓದಿಸಲಿಕ್ಕೋ ಎಂದು ಯಾರಾದರೂ ಕೆಣಕಿದರೆ, ಓಡಾಡಲಿಕ್ಕೆ ಎಂದು ಫೈಲಕ್ಕನೇ ನಕ್ಕು ಹೇಳಿಬಿಡುವಳು.

ವರ್ಷಕ್ಕೊಮ್ಮೆ ಬರುವ ಕಾಲೇಜು ಸಪ್ತಾಹ ಎಂದರೆ ಹುಡುಗರಿಗೆ ಹಬ್ಬ, ಅವಳಿಗೆ ಮೊಣಕಾಲು ನೋವು. ಚರ್ಚಾಸ್ಪರ್ಧೆಯ ಅನುಮತಿ ಪತ್ರ, ತೀರ್ಪುಗಾರರ ಪಟ್ಟಿ, ಕಡ ತಂದ ಕುರ್ಚಿಗಳ ಚೀಟಿ, ಎಲ್ಲಕ್ಕೂ ಓಡಬೇಕು. ಆದರೆ ಈ ಸಲ ಭಾಷೆಯ ಪಾಠ ಮಾಡುವ ಮೇಡಂ ಹೊಸದೊಂದು ಆಟ ಹೂಡಿದ್ದರು. ವಾರವಿಡೀ ದಿನಕ್ಕೊಂದು ಒಗಟು. ಅದು ಹೇಳುವ ಜಾಗದಲ್ಲಿ ಬಣ್ಣದ ಚೀಟಿಗಳನ್ನು ಬಚ್ಚಿಟ್ಟಿರುತ್ತಾರೆ. ಮೊದಲು ತಂದ ತಂಡಕ್ಕೆ ಹೆಚ್ಚು ಅಂಕ. ಪ್ರತಿ ತಂಡದಲ್ಲಿ ನಾಲ್ವರು ವಿದ್ಯಾರ್ಥಿಗಳು, ಜೊತೆಗೆ ಪಾಠ ಮಾಡದ ಸಿಬ್ಬಂದಿಯಲ್ಲಿ ಒಬ್ಬರು ಇರಲೇಬೇಕು.

ಈ ಕೊನೆಯ ನಿಯಮ ಕೇಳಿದ್ದೇ ತಡ, ಫೈನಲ್ ವರ್ಷದ ಹುಡುಗರು ಸ್ಟೋರಣ್ಣನನ್ನು ಎತ್ತಿಕೊಂಡು ಹೋದರು. ಕಾಲೇಜಿನ ಅಷ್ಟೂ ಬೀಗದ ಕೈ ಸ್ಟೋರಣ್ಣನ ಗೋಡೆಯ ಮೇಲೆ ತೂಗುತ್ತಿರುವಾಗ ಮತ್ಯಾರನ್ನು ಕೇಳುತ್ತಾರೆ? ಎಲೆಕ್ಟ್ರಿಷಿಯನ್ ಹೋದ, ವ್ಯಾನ್ ಡ್ರೈವರ್ ಹೋದ, ಗ್ರಂಥಾಲಯದವನೂ ಹೋದ. ಶನಿವಾರ ಸಂಜೆಯವರೆಗೂ ಫೈಲಕ್ಕನನ್ನು ಕೇಳಿದವರಿಲ್ಲ. ನನಗೇನು ಅಂದುಕೊಂಡಳು, ಆದರೂ ಮನಸ್ಸಿನಲ್ಲಿ ಮುಳ್ಳಾಡಿತು. ಬಾಗಿಲು ಹಾಕುವ ಹೊತ್ತಿಗೆ ಮೊದಲ ವರ್ಷದ ನಾಲ್ಕು ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಅಡಗಿಕೊಂಡು ಬಂದರು. ಅವರಲ್ಲಿ ಕನ್ನಡಕದವಳು ಬಾಯಿ ಬಿಟ್ಟಳು.

"ಅಕ್ಕ, ನಿಜ ಹೇಳ್ತೀವಿ. ನಮಗೆ ಬೇರೆ ಯಾರೂ ಸಿಗಲಿಲ್ಲ."

"ನಂಗೂ ಸಿಗಲಿಲ್ಲ ಬಿಡಿ," ಎಂದಳು ಫೈಲಕ್ಕ. "ಸರಿಹೋಯ್ತು."

ಸೋಮವಾರದ ಒಗಟು ಮಕ್ಕಳಾಟದಂತಿತ್ತು: 'ತಪ್ಪು ಮಾಡದೆ ದಿನಾ ಏಟು ತಿಂತೀನಿ, ನಾನು ಕೂಗಿದರೆ ನೂರು ಜನ ಏಳ್ತಾರೆ, ನೂರು ಜನ ಕೂರ್ತಾರೆ.' ಗಂಟೆ ಎಂದು ಗೋಡೆಗೂ ಗೊತ್ತಾಗುವಂತಿತ್ತು. ಫೈಲಕ್ಕ ಆಗ ಪ್ರಿನ್ಸಿಪಾಲರ ಕೋಣೆಯಲ್ಲಿ ಸಹಿಗೆ ಕಾಯುತ್ತ ನಿಂತಿದ್ದಳು. ಅವಳು ಬರುವಷ್ಟರಲ್ಲಿ ಹತ್ತು ತಂಡಗಳಲ್ಲಿ ಅವರದು ಏಳನೆಯದಾಯಿತು. ಸ್ಟೋರಣ್ಣ ಮೊದಲನೆಯವನು. ಮಧ್ಯಾಹ್ನ ಎದುರಾದಾಗ, ಫೈಲಿನ ವೇಗದಲ್ಲಿ ಹೋದರೆ ಗೆಲುವು ಮುಂದಿನ ಆರ್ಥಿಕ ವರ್ಷಕ್ಕೇ ಬರೋದು ಎಂದು ಚುಚ್ಚಿ ಹೋದ.

ಅಂದಿನಿಂದ ಅವಳಿಗೆ ಹಟ ಹತ್ತಿತು. ಸೂಪರಿಂಟೆಂಡೆಂಟರ ಮುಂದೆ ನಿಂತು, ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಮುಂಚೆ ಹೋಗಲು ಕೇಳಿಲ್ಲ, ಈ ವಾರ ಬೆಳಗ್ಗೆ ಒಂದು ಗಂಟೆ ಹೊತ್ತು ಬಿಟ್ಟುಕೊಡಿ ಎಂದು ಕೇಳಿದಳು. ಅವರು ಕನ್ನಡಕ ತೆಗೆದು ನೋಡಿ, ಹೋಗಮ್ಮ ಎಂದರು.

ಮಂಗಳವಾರ ಬೋರ್ಡಿನ ಮೇಲೆ ಬಂದದ್ದು, 'ಹತ್ತಿದರೆ ಹತ್ತಿಸಿಕೊಳ್ತೀನಿ, ಎಲ್ಲಿಗೂ ಮುಟ್ಟಿಸಲ್ಲ.' ಉಳಿದವರೆಲ್ಲ ಕೆಟ್ಟುನಿಂತ ಲಿಫ್ಟಿನ ಕಡೆಗೆ ಓಡಿದರು. ಫೈಲಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ರಸಾಯನಶಾಸ್ತ್ರದ ಕಟ್ಟಡದ ಹಿಂಬದಿಗೆ ನಡೆದಳು. ಅಲ್ಲೊಂದು ಹಳೆಯ ಮೆಟ್ಟಿಲುಸಾಲು ಇದೆ. ಹೊಸ ಪ್ರಯೋಗಶಾಲೆ ಕಟ್ಟಿದಾಗ ಮೇಲಿನ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದರು. ಮೆಟ್ಟಿಲನ್ನು ಒಡೆಯಲು ಮರೆತರು. ಹದಿನೆಂಟನೆಯ ಮೆಟ್ಟಿಲ ಮೇಲೆ, ಗೋಡೆಗೆ ಒರಗಿ, ಹತ್ತೂ ತಂಡದ ಚೀಟಿಗಳು ಮುಟ್ಟದೆ ಕೂತಿದ್ದವು. ಹುಡುಗಿಯರು ಅವಳನ್ನು ತಬ್ಬಿಕೊಂಡ ರಭಸಕ್ಕೆ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಬಂತು.

ಬುಧವಾರ ಮುಗ್ಗರಿಸಿದರು. ಅತಿ ಬುದ್ಧಿ ಓಡಿಸಿ ಎಲ್ಲೆಲ್ಲೋ ಅಲೆದ ಮೇಲೆ ನೋಡಿದರೆ ಉತ್ತರ ಕಾಲಬುಡದ ಕಸದ ಡಬ್ಬಿ. ಗುರುವಾರ ಮತ್ತೆ ಮೊದಲಿಗರಾದರು. ಅಂದು ದಾರಿ ತೋರಿದವಳು ತಂಡದ ಮೌನಿ. ಮೂರು ದಿನದಲ್ಲಿ ಮೂರು ಮಾತಾಡದ ಆ ಹುಡುಗಿ ಫೈಲಕ್ಕನ ಸೆರಗು ಹಿಡಿದು ಎಳೆದು, ಸೈಕಲ್ ಸ್ಟ್ಯಾಂಡಿನ ಒಡೆದ ಕನ್ನಡಿಯತ್ತ ಬೆರಳು ಮಾಡಿದ್ದಳು. ಅಷ್ಟರಲ್ಲಿ ಕಾಲೇಜಿನ ತುಂಬ ಇದೇ ಮಾತಾಯಿತು. ಕ್ಯಾಂಟೀನಿನಲ್ಲಿ ಹುಡುಗರು ಪಂಥ ಕಟ್ಟುತ್ತಿದ್ದರು: ಬೀಗದ ಕೈಯೋ, ಕಾಲೋ? ಸ್ಟೋರಣ್ಣನ ತಂಡ ಅವರಿಗಿಂತ ಬರೀ ಮೂರು ಅಂಕ ಮುಂದಿತ್ತು.

ಕೊನೆಯ ಒಗಟಿಗೆ ದುಪ್ಪಟ್ಟು ಅಂಕ. ರಾತ್ರಿಯೆಲ್ಲ ತಲೆ ಕೆರೆದುಕೊಳ್ಳಲಿ ಎಂದು ಮೇಡಂ ಅದನ್ನು ಗುರುವಾರ ಸಂಜೆಯೇ ಕೊಟ್ಟರು: 'ತಲೆ ಮೇಲೆ ಕೂತಿದ್ದೀನಿ, ಟೋಪಿಯಲ್ಲ. ತುಂಬಿದಾಗ ಯಾರೂ ನೆನೆಯಲ್ಲ, ಬರಿದಾದಾಗ ಎಲ್ಲರೂ ಬೈತಾರೆ. ಐವರಲ್ಲಿ ನಾನೇ ಹಿರಿಯ, ಈಗ ಬೈಯುವವರೂ ಇಲ್ಲ.'

ಫೈಲಕ್ಕ ಅದನ್ನು ಗೊಣಗುತ್ತಲೇ ಮನೆಗೆ ಬಂದಳು. ಒಲೆಯ ಮುಂದೆ ಗೊಣಗಿದಳು, ಪಾತ್ರೆ ತೊಳೆಯುತ್ತ ಗೊಣಗಿದಳು. ಗಂಡ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ, ಅದು ಸರ್ಕಾರ ಇರಬೇಕು ಎಂದ. ಬಟ್ಟೆ ಮಡಿಸುತ್ತ ಕೂತಿದ್ದ ಅತ್ತೆ ಮಾತ್ರ ತಲೆಯೆತ್ತದೆಯೇ ಕೇಳಿದರು.

"ಏನೇ, ದಿನಾ ಬೆಳಗ್ಗೆ ನಲ್ಲಿ ತಿರುಗಿಸಿ ನಾನು ಯಾರನ್ನ ಬೈತೀನಿ?"

ಫೈಲಕ್ಕ ತೊಳೆಯುತ್ತಿದ್ದ ಪಾತ್ರೆ ಕೈಬಿಟ್ಟಳು. ನೀರಿನ ಟ್ಯಾಂಕು! ಐದು ಕಟ್ಟಡದ ತಲೆಯ ಮೇಲೆ ಐದು ಟ್ಯಾಂಕು. ಹಿರಿಯದು ಯಾವುದು ಎಂದು ಅವಳಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಹಳೆಯ ಗ್ರಂಥಾಲಯದ ಮೇಲಿನ ಸಿಮೆಂಟಿನ ಟ್ಯಾಂಕು ಸೋರುತ್ತದೆಂದು ನಿಲ್ಲಿಸಿ ಬಿಡುವ ಆದೇಶದ ಫೈಲನ್ನು ಹೊತ್ತದ್ದೇ ಅವಳು. ನಾಲ್ಕು ಸಹಿಗೆ ಹನ್ನೊಂದು ದಿನ ಅಲೆದಿದ್ದಳು. ಅಂದು ರಾತ್ರಿ ಅವಳಿಗೆ ನಿದ್ದೆ ಹತ್ತಿದರೆ ಕೇಳಿ.

ಶುಕ್ರವಾರ ಬೆಳಗ್ಗೆ ವಿಷಯ ಕೇಳಿ ಹುಡುಗಿಯರು ಕುಣಿದಾಡಿದರು. ಆದರೆ ಕನ್ನಡಕದವಳಿಗೆ ಒಂದು ಅನುಮಾನ ಬಂತು. ಚೀಟಿ ಬಚ್ಚಿಡಲು ಮೇಡಂಗೆ ಪ್ರಿನ್ಸಿಪಾಲರ ಹತ್ತಿರದ ಜೋಡಿ ಕೀಗಳಿದ್ದವು, ತಂಡಗಳಿಗೆ ತಾರಸಿಯ ಬೀಗದ ಕೈ ಸಿಗುವುದು ಸ್ಟೋರಣ್ಣನ ಹತ್ತಿರವೇ. ಯಾರು ಕೇಳಿದರೂ ಕೊಡಲೇಬೇಕು ಎಂಬುದು ಆಟದ ನಿಯಮ, ಸರಿ. ಆದರೆ ಹಳೇ ಗ್ರಂಥಾಲಯದ ಕೀ ಕೊಡಿ ಎಂದ ಕೂಡಲೇ ಅವನಿಗೆ ಜಾಗ ಗೊತ್ತಾಗಿಹೋಗುತ್ತದಲ್ಲ?

ಅದನ್ನು ನನಗೆ ಬಿಡಿ ಎಂದಳು ಫೈಲಕ್ಕ. ಒಂಬತ್ತು ಹೊಡೆಯುತ್ತಿದ್ದಂತೆ ಸ್ಟೋರಿನ ಕಿಟಕಿಗೆ ಹೋಗಿ, "ಅಣ್ಣ, ತಾರಸಿ ಕೀಗಳು ಬೇಕಿತ್ತು," ಎಂದಳು.

"ಯಾವ ಕಟ್ಟಡದ್ದಮ್ಮ?"

"ಐದೂ."

ಸ್ಟೋರಣ್ಣ ಅವಳ ಮುಖ ನೋಡಿದ. ಅವಳು ರಿಜಿಸ್ಟರಿನಲ್ಲಿ ಐದು ಸಾಲು ಬರೆದು, ಐದು ಸಹಿ ಹಾಕಿದಳು, ಅವಸರವೇ ಇಲ್ಲದವಳ ಹಾಗೆ. ಕೀಗಳನ್ನು ಕೊಟ್ಟವನೇ ಅವನು ಶಟರ್ ಎಳೆದು ತನ್ನ ಹುಡುಗರನ್ನು ಕೂಗಿದ. ಟ್ಯಾಂಕು ಎಂದು ಅವನಿಗೂ ಹೊಳೆದಿತ್ತು. ಹಿರಿಯ ಎಂದರೆ ಎಲ್ಲಕ್ಕಿಂತ ದೊಡ್ಡದು ಎಂದುಕೊಂಡು ಅವರೆಲ್ಲ ಮುಖ್ಯ ಕಟ್ಟಡದತ್ತ ದೌಡಾಯಿಸಿದರು, ತಾರಸಿಯ ಬಾಗಿಲಲ್ಲಿ ಫೈಲಕ್ಕನನ್ನು ಕಾಯೋಣವೆಂದು.

ಫೈಲಕ್ಕ ಓಡಿದಳು. ಹತ್ತೊಂಬತ್ತು ವರ್ಷ ನಡೆದ ದಾರಿಯಲ್ಲಿ ಮೊದಲ ಸಲ ಓಡಿದಳು. ಕಿಟಕಿಗಳಿಂದ ಹುಡುಗರು ಸಿಳ್ಳೆ ಹೊಡೆದರು. ಹಳೆಯ ಗ್ರಂಥಾಲಯದ ತಾರಸಿಯ ಬೀಗ ತುಕ್ಕು ಹಿಡಿದು ಮೊಂಡಾಟ ಮಾಡಿತು. ಮೌನಿ ಜಡೆಗೆ ಹಚ್ಚಿದ್ದ ಎಣ್ಣೆಯನ್ನೇ ಬೆರಳಿಂದ ಒರೆಸಿ ಬೀಗದ ಕೈಗೆ ಸವರಿ ತಿರುಗಿಸಿದಳು. ಬಾಗಿಲು ತೆರೆಯಿತು. ಟ್ಯಾಂಕಿಗೆ ಒರಗಿಸಿದ ಕಬ್ಬಿಣದ ಏಣಿ, ಹನ್ನೆರಡು ಮೆಟ್ಟಿಲು. ನಾನು ಹತ್ತಲೇ ಎಂದು ಹುಡುಗಿಯರು ಒಬ್ಬೊಬ್ಬರೇ ಮುಂದೆ ಬಂದರು. ಏಣಿ ಹಿಡ್ಕೊಳ್ಳಿ ಸಾಕು ಎಂದು ಹೇಳಿ ಅವಳೇ ಹತ್ತಿದಳು. ಆರನೆಯ ಮೆಟ್ಟಿಲಲ್ಲಿ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅತ್ತ ಮುಖ್ಯ ಕಟ್ಟಡದ ಮೇಲಂತಸ್ತಿನ ಕಿಟಕಿಯಿಂದ ಸ್ಟೋರಣ್ಣನ ಹುಡುಗರು ಅವಳನ್ನು ಕಂಡು ಗುಲ್ಲೆಬ್ಬಿಸಿದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೆ ಕಲ್ಲಿನಡಿ ಬಣ್ಣದ ಚೀಟಿಗಳು ಪಟಪಟ ಹಾರುತ್ತಿದ್ದವು. ತಮ್ಮದೊಂದನ್ನು ಎಳೆದು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಇಡೀ ಕಾಲೇಜು ಕಾಣುತ್ತಿತ್ತು. ಇಷ್ಟು ಚಿಕ್ಕದಾ ಎನ್ನಿಸಿತು ಅವಳಿಗೆ.

ಮೇಡಂ ಮೇಜಿಗೆ ಚೀಟಿ ಮುಟ್ಟಿಸಿದ ಐದು ನಿಮಿಷಕ್ಕೆ ಸ್ಟೋರಣ್ಣ ಏದುಸಿರು ಬಿಡುತ್ತ ಬಂದ. ಸೋತ ಮುಖವಿರಲಿಲ್ಲ ಅವನದು. ಐದೂ ಕೀ ಕೇಳಿದಾಗಲೇ ನನಗೆ ಅರ್ಥವಾಗಬೇಕಿತ್ತು ಎಂದು ಸುತ್ತಲಿದ್ದವರಿಗೆಲ್ಲ ತಾನೇ ಕಥೆ ಹೇಳತೊಡಗಿದ.

ಶನಿವಾರದ ಸಮಾರೋಪಕ್ಕೆ ಅತ್ತೆಯೂ ಬಂದು ಮೊದಲ ಸಾಲಿನಲ್ಲಿ ಕೂತರು. ಗೆದ್ದ ತಂಡವೆಂದು ವೇದಿಕೆಗೆ ಕರೆದು ಫೈಲಕ್ಕನಿಗೆ ಮೈಕು ಕೊಟ್ಟಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಕೊನೆಯ ಒಗಟು ಬಿಡಿಸಿದ್ದು ನಾನಲ್ಲ, ನಮ್ಮತ್ತೆ ಎಂದಷ್ಟೇ ಹೇಳಿದಳು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಅತ್ತೆ ಎದ್ದು ನಿಂತು, ಗಣ್ಯರ ಹಾಗೆ ನಾಲ್ಕೂ ದಿಕ್ಕಿಗೆ ಕೈಮುಗಿದರು.

ಸೋಮವಾರ ಮತ್ತೆ ಅದೇ ಫೈಲುಗಳು. ಆದರೆ ಅಂದು ಆಫೀಸಿನಿಂದ ರಸಾಯನಶಾಸ್ತ್ರದವರೆಗೆ ಹೋಗಿಬರಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೆಟ್ಟಿಲಿಗೊಬ್ಬರು, ಕಂಬಕ್ಕೊಬ್ಬರು ನಿಲ್ಲಿಸಿ ಮಾತಾಡಿಸುವವರೇ. ಸೂಪರಿಂಟೆಂಡೆಂಟರು ಗಡಿಯಾರ ನೋಡಿ, ಯಾಕಮ್ಮ ಇಷ್ಟು ತಡ ಎಂದು ಕೇಳಿದರು.

"ಏನ್ಮಾಡೋದು ಸಾರ್," ಎಂದಳು ಫೈಲಕ್ಕ, "ದಾರೀಲಿ ಪರಿಚಯದವರು ಜಾಸ್ತಿ ಆಗಿಬಿಟ್ಟಿದ್ದಾರೆ."